ಎಲ್ಲಿಗೆ ಎಂದು ಕೇಳಿದವಳು

ಮಧುಗಿರಿಗೆ ನಾನು ಸೊಸೆಯಾಗಿ ಬಂದ ವರ್ಷವೇ ಅದನ್ನು ಕಂಡೆ. ಯಜಮಾನರು ಬಟ್ಟೆ ಗಂಟು ಗಾಡಿಗೆ ಹಾಕಿಸಿ ಪಾವಗಡದ ಸಂತೆಗೆ ಹೊರಟಿದ್ದರು. ಅವರ ತಂಗಿ ಗಂಗಮ್ಮ, ಇಪ್ಪತ್ತು ವರ್ಷದವಳು, ಬಾಗಿಲಿಗೆ ಓಡಿ ಬಂದಳು.

"ಅಣ್ಣಾ, ಎಲ್ಲಿಗೆ?"

ಅತ್ತೆ ಅವಳ ಬಾಯಿಗೆ ಹೊಡೆದರು. ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ, ನಮ್ಮಲ್ಲಿ ಮಕ್ಕಳಿಗೂ ಗೊತ್ತು.

ಗಂಗಮ್ಮ ತನ್ನ ಕೈಯನ್ನೇ ಕಚ್ಚಿಕೊಂಡಳು. ರಕ್ತ ಬಂತು.

ಆಮೇಲೆ ಕಿವಿ ಮುಚ್ಚಿಕೊಂಡು ತೂಗಾಡುತ್ತ ಕೂತಳು. ಊಟವಿಲ್ಲ. ಮಾತಿಲ್ಲ. ಗಾಳಿ ಸೋಕಿದೆ ಎಂದು ಬೇವಿನ ಸೊಪ್ಪಿನಲ್ಲಿ ಹೊಡೆಸಿದರು. ಡಾಕ್ಟರು "ನರ್ವಸ್" ಎಂದು ಮಿಕ್ಸ್ಚರ್ ಕೊಟ್ಟರು. ಅದನ್ನು ಕುಡಿದು ಹಗಲೆಲ್ಲ ಅರೆಗಣ್ಣಲ್ಲಿ ಮಲಗಿರುತ್ತಿದ್ದಳು. ಬೆಟ್ಟದ ನೆರಳು ಹಿತ್ತಿಲಿಗೆ ಮೆಲ್ಲಗೆ ಇಳಿದು, ಬಾವಿಯನ್ನು ಮುಚ್ಚಿ, ನಮ್ಮಿಬ್ಬರ ಕಾಲಿನ ತನಕ ಬರುವುದನ್ನು ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಅವಳ ಕನಸಿನೊಳಗೆ ನಾನೂ ಇದ್ದೇನೇನೋ ಅನ್ನಿಸುತ್ತಿತ್ತು. ನಿದ್ದೆಯಲ್ಲೂ ಅವಳ ತುಟಿ ಎಲ್ಲಿಗೆ ಎಂದೇ ಕೇಳುತ್ತಿತ್ತು.

"ಇನ್ನಾಗಕಿಲ್ಲ ಕಣ್ಲಾ. ಅಮಾಸೆ ಕಳೀಲಿ, ಬೆಂಗ್ಳೂರ್ ಹುಚ್ಚಾಸ್ಪತ್ರೆಗೆ ಬುಟ್ಬಾ," ಎಂದರು ಅತ್ತೆ ಮಗನಿಗೆ. ಹೇಳಿ, ಸೆರಗು ಬಾಯಿಗೆ ತುರುಕಿಕೊಂಡು ಅತ್ತರು.

ಈ ಮನೆಗೆ ಬಂದ ಹೊಸತರಲ್ಲಿ, ಮುಂದಿನ ಗಳಿಗೆಯಲ್ಲಿ ಯಾರು ಏನು ಹೇಳುತ್ತಾರೋ ಎಂದು ನಾನೂ ನಡುಗಿದವಳೇ. ಗಂಗಮ್ಮನಿಗೆ ದಿನಬೆಳಗಾದರೆ ಹೊಸ ಮನೆ. ಪಾಪ, ಕೇಳಿದರೆ ಏಟು.

ಅವತ್ತು ದೀಪ ಹಚ್ಚಿ, ಅವಳ ಮುಖ ನೋಡದೆ ಹೇಳಿದೆ: "ನಾಳೆ ಎದ್ದು ಬಾವಿ. ಆಮೇಲೆ ಮುದ್ದೆ. ಮಧ್ಯಾಹ್ನ ಬಳೆಗಾರ ಬತ್ತಾನೆ, ಕೂಗ್ತಾನೆ, ಹೋಗ್ತಾನೆ."

ದಿನಾ ಸಂಜೆ ಹೇಳಿದೆ. ಕೈ ಗಾಯ ಒಣಗಿತು. ನಡುವೆ ಒಮ್ಮೆ ಹೇಳದೆ ಕೇಳದೆ ಸಿರಾದಿಂದ ನೆಂಟರು ಬಂದರು, ಮತ್ತೆ ಕಚ್ಚಿಕೊಂಡಳು. "ಅಯ್ಯೋ, ನಿನ್ನ ವೈದ್ಯ ಇಷ್ಟೇಯಾ?" ಎಂದು ಅತ್ತೆ ಮೂತಿ ತಿರುವಿದರು.

ಅಮಾವಾಸ್ಯೆ ಕಳೆಯಿತು. ಯಜಮಾನರು ಮತ್ತೆ ಸಂತೆಗೆ ಹೊರಟರು. ಗಂಗಮ್ಮ ಹೊಸ್ತಿಲಿಗೆ ಬಂದಳು, ಬಾಯಿ ತೆರೆಯಲಿಲ್ಲ. ಕೈ ಮಾತ್ರ ಹಲ್ಲಿನ ಹತ್ತಿರ ಹೋಗುತ್ತಿತ್ತು.

ಗಂಡನಿಗೆ ಮೊದಲ ಸಲ ಎದುರಾಡಿದೆ. "ಹೇಳ್ಬುಟ್ಟು ಹೋಗಿ. ಕೆಟ್ರೆ ಒಂದ್ ಸಂತೆ ಕೆಡ್ತದೆ."

ಅವರು ಗಾಡಿಯಿಂದ ಕಾಲು ಕೆಳಗಿಟ್ಟರು. "ಪಾವಗಡಕ್ಕೆ ಕಣಮ್ಮ. ಮಂಗ್ಳಾರ ಬತ್ತೀನಿ."

ಗಂಗಮ್ಮ ಕೈ ಇಳಿಸಿದಳು. "ನಾನು?"

ಅವರು ತಾಯಿಯ ಕಡೆ ನೋಡಿದರು.

"ಇಲ್ಲೇ ಇರ್ತೀಯ ಕಣೆ," ಎಂದರು ಅತ್ತೆ. "ಎಲ್ಲಿಗೂ ಇಲ್ಲ."

ಹೆದರಿಕೆ ಪೂರ್ತಿ ಹೋಗಿಲ್ಲ. ತಮಟೆ ಬಡಿದರೆ ಇವತ್ತಿಗೂ ಕೋಣೆ ಸೇರುತ್ತಾಳೆ. ದೇವರು ನಡೆಸಿದಷ್ಟು ನಡೆಯಲಿ. ಈಗ ಸಂಜೆ ನಾಳೆಯದನ್ನು ಹೇಳುವುದು ಅತ್ತೆಯೇ. ನಾನು ಅರ್ಧಂಬರ್ಧ ಹೇಳುತ್ತೇನಂತೆ.