ಬಲೂನಿನಿಂದ ಹಾರಿದವನೂ ನಮ್ಮ ಬೋಟಿನ ವಯರ್‌ಲೆಸ್ಸೂ

ನಮ್ಮ ಮನೆಗೆ ಯಾರೇ ಬರಲಿ, ಚಾ ಕುಡಿದು ಲೋಟ ಕೆಳಗಿಡುವುದರೊಳಗೆ ನನ್ನ ಗಂಡ ಮೊಬೈಲಿನಲ್ಲಿ ಆ ವಿಡಿಯೋ ತೋರಿಸಿಯಾಗಿರುತ್ತದೆ. ದೊಡ್ಡ ಬಲೂನಿಗೆ ಕಟ್ಟಿದ ಗೂಡಿನಲ್ಲಿ ಕೂತು ಒಬ್ಬ ಮೇಲೆ ಹೋಗುತ್ತಾನೆ. ಮೋಡವೆಲ್ಲ ಕೆಳಗುಳಿದು, ಆಕಾಶ ಕಪ್ಪಾಗಿ, ಭೂಮಿಯ ಅಂಚು ಬಾಗಿ ಕಾಣುವಷ್ಟು ಮೇಲೆ. ಅಲ್ಲಿ ಬಾಗಿಲು ತೆಗೆದು, ಹೊರಗೆ ಕಾಲಿಟ್ಟು, ಹಾರಿಯೇ ಬಿಡುತ್ತಾನೆ. ಗಿರಗಿರ ತಿರುಗಿ ಬೀಳುತ್ತಾ ಹೇಗೋ ಸಂಭಾಳಿಸಿಕೊಂಡು, ಕೊನೆಗೆ ಪ್ಯಾರಾಚೂಟ್ ಬಿಚ್ಚಿ ನೆಲಕ್ಕೆ ಕಾಲೂರುತ್ತಾನೆ. ಗಂಡಸು ಅಂದರೆ ಇವನು ಎಂದು ನಮ್ಮವರು ಪ್ರತಿ ಸಲವೂ ಹೇಳುತ್ತಾರೆ, ತಾವೇ ಹಾರಿ ಬಂದವರ ಹಾಗೆ.

ನಮ್ಮವರು ಗಂಗೊಳ್ಳಿಯ ಒಂದು ಬೋಟಿನ ತಾಂಡೇಲರು. ಬೋಟು ನಡೆಸುವುದೂ, ಬಲೆ ಎಲ್ಲಿ ಬಿಡಬೇಕೆಂದು ತೀರ್ಮಾನಿಸುವುದೂ ಅವರೇ. ನಾನು ಕೋಟೇಶ್ವರದಲ್ಲಿ ಮೀನು ಮಾರುವವಳು. ವಿಡಿಯೋವನ್ನು ನಾನೂ ಎಷ್ಟೋ ಸಲ ನೋಡಿದ್ದೇನೆ, ಆದರೆ ನನ್ನ ಕಣ್ಣು ನೆಟ್ಟದ್ದು ಬೇರೆ ಕಡೆ. ಆ ಮನುಷ್ಯ ಮೇಲೆ ಹೋಗುವಾಗ ಬಾಯಿ ಮುಚ್ಚಿ ಕೂತಿಲ್ಲ. ಹಿಂದೊಮ್ಮೆ ಹಾಗೆಯೇ ಹಾರಿದ್ದ ಮುದುಕರೊಬ್ಬರು ಕೆಳಗೆ ಭೂಮಿಯಲ್ಲಿ ಕೂತು ರೇಡಿಯೋದಲ್ಲಿ ಒಂದೊಂದೇ ಕೇಳುತ್ತಾರೆ, ಇವನು ಉತ್ತರ ಕೊಡುತ್ತಾನೆ. ನಡುವೆ ಒಮ್ಮೆ ಮುಖದ ಮುಂದಿನ ಗಾಜು ಮಬ್ಬಾಗುತ್ತಿದೆ ಎಂದು ಹೇಳುತ್ತಾನೆ. ಕೆಳಗಿದ್ದವರೆಲ್ಲ ಚಿಂತೆಗೆ ಬೀಳುತ್ತಾರೆ. ಆ ಜಾಗ ಬಂದಾಗ ನಮ್ಮವರು ಬೆರಳಿಂದ ಸರಕ್ಕನೆ ಮುಂದೆ ತಳ್ಳುತ್ತಾರೆ. ಅಲ್ಲಿ ನೋಡುವಂಥದ್ದು ಏನೂ ಇಲ್ಲವಂತೆ.

ಇಲ್ಲದೆ ಏನು? ನಮ್ಮ ಬೋಟಿನಲ್ಲೂ ವಯರ್‌ಲೆಸ್ ಇದೆ. ಆದರೆ ಒಳ್ಳೆ ಮೀನಿನ ಹಿಂಡು ಕಂಡ ಕೂಡಲೇ ಇವರು ಮೊದಲು ಮಾಡುವ ಕೆಲಸ ಅದನ್ನು ಬಂದ್ ಮಾಡುವುದು. ಮಾತಾಡಿದರೆ ಎಲ್ಲಿದ್ದಾರೆಂದು ಆಚೆ ಬೋಟಿನವರಿಗೆ ಸುಳಿವು ಸಿಗುತ್ತದೆ, ಎಲ್ಲರೂ ಅಲ್ಲಿಗೇ ನುಗ್ಗುತ್ತಾರೆ. ಬಂದರಿನಲ್ಲಿ ಇದು ಜಾಣತನವೆಂದೇ ಲೆಕ್ಕ.

ಈ ಸಲ ನವರಾತ್ರಿ ಕಳೆದ ಮೇಲೆ ಗಾಳಿ ಎದ್ದಿತು. ಒಂದೊಂದೇ ಬೋಟು ಒಳಗೆ ಬಂತು, ಬಾರದವು ವಯರ್‌ಲೆಸ್ಸಿನಲ್ಲಿ ಉತ್ತರ ಕೊಟ್ಟವು. ನಮ್ಮದು ಮಾತ್ರ ಇಲ್ಲ. ನಾನು ಮೀನಿನ ಬುಟ್ಟಿ ಕೋಟೇಶ್ವರದಲ್ಲೇ ಬಿಟ್ಟು ಬಸ್ಸು ಹತ್ತಿ ಬಂದರಿಗೆ ಹೋದೆ. ನನ್ನೆದುರೇ ಇನ್ನೊಬ್ಬರು ತಾಂಡೇಲರು ವಯರ್‌ಲೆಸ್ಸಿನಲ್ಲಿ ನಮ್ಮ ಬೋಟನ್ನು ಕರೆದರು, ಮತ್ತೆ ಕರೆದರು. ಬರೀ ಕರಕರ ಸದ್ದು. ಆದರೂ ಅಲ್ಲಿದ್ದವರ ಮುಖದಲ್ಲಿ ನಗು. ಭರ್ಜರಿ ಮೀನು ಸಿಕ್ಕಿರಬೇಕು, ಅದಕ್ಕೇ ಬಂದ್ ಮಾಡಿದ್ದಾರೆ ಎಂದು ನನಗೇ ಸಮಾಧಾನ ಹೇಳಿದರು. ನನ್ನ ಮೈಯೆಲ್ಲ ಉರಿದುಹೋಯಿತು. ಮೀನು ಸಿಕ್ಕಿದರೂ ಮಾತಿಲ್ಲ, ಬೋಟು ಮುಳುಗಿದರೂ ಮಾತಿಲ್ಲ. ದಡದಲ್ಲಿ ನಿಂತವಳು ಯಾವುದೆಂದು ತಿಳಿಯಬೇಕು?

ಮರುದಿನ ನಮ್ಮವರು ಬೋಟು ತುಂಬ ಬಂಗುಡೆ ಮೀನು ಹೇರಿಕೊಂಡು ಬಂದರು. ಬಂದರಿನವರು ಬೆನ್ನು ತಟ್ಟಿದ್ದೇ ತಟ್ಟಿದ್ದು. ಸಂಜೆ ನನ್ನ ಅಣ್ಣ ನೋಡಲು ಬಂದ. ಚಾ ಕೊಟ್ಟು ತಿರುಗುವುದರೊಳಗೆ ಬಲೂನು ಮೇಲೇರುತ್ತಿತ್ತು! ಗಾಜು ಮಬ್ಬಾಗುವ ಜಾಗಕ್ಕೆ ಬೆರಳು ಬಂತು ನೋಡಿ, ನಾನು ಮೊಬೈಲು ಕಸಿದುಕೊಂಡೆ.

"ಇದನ್ನ್ ಪೂರಾ ಕಾಣಿ. ಅಷ್ಟ್ ಮೇಲಿದ್ದ ಅಂವ ಮುಖದ್ ಗಾಜ್ ಮಬ್ಬಾಯ್ತ್ ಅಂತ ಕೆಳಗಿದ್ದೋರಿಗ್ ಹೇಳ್ದ. ಬದ್ಕಿದ್ದೆ ಅಂತ ಒಂದ್ ಮಾತ್ ಹೇಳೂಕೆ ನಿಮ್ಗ್ ಎಂತ ಆತ್ತ್?"

ಅಣ್ಣನ ಎದುರು ಹೀಗೆ ಕೇಳಿದ್ದು ಅವರಿಗೆ ನಾಟಿತು. ಆದರೂ ಸೋಲುವ ಜನವೇ? ಇವನಾದ ಮೇಲೆ ಇನ್ನೊಬ್ಬ ಇದಕ್ಕಿಂತಲೂ ಮೇಲಿಂದ ಹಾರಿದನಂತೆ, ಮೊದಲೇ ಯಾರಿಗೂ ಡಂಗುರ ಸಾರದೆ. ಅವನನ್ನು ನೋಡು ಎಂದರು. ಅವನು ಬಾಯಿ ಮುಚ್ಚಿಕೊಂಡದ್ದು ಪೇಪರಿನವರ ಹತ್ತಿರ, ಕೆಳಗೆ ಕಾಯುತ್ತಿದ್ದವರ ಹತ್ತಿರ ಅಲ್ಲವಲ್ಲ ಎಂದೆ. ಅಣ್ಣ ಲೋಟದೊಳಗೇ ನೋಡುತ್ತಾ ಕೂತ. ನನ್ನ ಗಂಡ ಮೊಬೈಲು ವಾಪಸು ತೆಗೆದುಕೊಂಡು ಕಿಸೆಗೆ ಹಾಕಿ, ಮೆಲ್ಲಗೆ ಹೇಳಿದರು: "ಆಯ್ತ್ ಮಾರಾಯ್ತಿ. ಇನ್ನ್ ದಿನಾ ಒಂದ್ ಸಲ ಇದ್ದೆ ಅಂತ ಹೇಳ್ತೆ. ಎಲ್ಲಿ ಅಂತ ಮಾತ್ರ ಕೇಣ್ಬೇಡ."

ಮಾತಿಗೆ ತಪ್ಪಲಿಲ್ಲ. ಈಗ ದಿನಾ ಸಂಜೆ ವಯರ್‌ಲೆಸ್ಸಿನಲ್ಲಿ ಬೇರೆ ಬೋಟಿನವರ ಬಾಯಿಂದ ಬಾಯಿಗೆ ಆ ಒಂದು ಮಾತು ದಡ ಮುಟ್ಟಿ, ಫೋನಿನಲ್ಲಿ ನನಗೆ ಬರುತ್ತದೆ. ಕೇಳಿ ಅನ್ನಕ್ಕಿಡುತ್ತೇನೆ. ಆದರೆ ನನ್ನ ಸಿಟ್ಟು ಇಳಿದಿಲ್ಲ. ಆಕಾಶದ ತುದಿಯಿಂದ ಬೀಳುತ್ತಿದ್ದವನು ಎಲ್ಲಿದ್ದಾನೆಂದು ಕೆಳಗಿದ್ದವರಿಗೆಲ್ಲ ಗೊತ್ತಿತ್ತು. ನನ್ನ ಗಂಡ ಎಲ್ಲಿದ್ದಾರೆಂದು ಇವತ್ತಿಗೂ ಬಂಗುಡೆಗೆ ಮಾತ್ರ ಗೊತ್ತು.