ನಿಂತ ಸೀರಿಯಲ್‌ಗೆ ನಾನು ಕಟ್ಟಿದ ಕಥೆ

ಆ ಸೀರಿಯಲ್ ಮತ್ತೆ ಶುರುವಾಗುತ್ತದೆ ಅಂತ ಟಿವಿಯಲ್ಲಿ ತೋರಿಸಿದಾಗ ನಾನು ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದೆ. ವೀಕ್ಷಕರ ಒತ್ತಾಯದ ಮೇರೆಗೆ, ಸೋಮವಾರದಿಂದ, ನಿಂತ ಜಾಗದಿಂದಲೇ ಮುಂದುವರಿಯುತ್ತದೆ ಅಂದರು. ನನ್ನ ಮಗಳು ಚಪ್ಪಾಳೆ ತಟ್ಟಿದಳು. ನನಗೆ ಕೂರೋಕಾಗಲಿಲ್ಲ. ಹೊರಗೆ ಬಂದು ತಂತಿಯ ಮೇಲಿದ್ದ ಬಟ್ಟೆ ಮುಟ್ಟಿ ನೋಡಿದೆ, ಇನ್ನೂ ಹಸಿ ಇತ್ತು. ಒಳಗೆ ಹೋದೆ. ಮತ್ತೆ ಹೊರಗೆ ಬಂದು ಅದೇ ಬಟ್ಟೆಯನ್ನು ಮುಟ್ಟಿದೆ.

ನಿಂತ ಜಾಗದಿಂದ ಅನ್ನುವ ಮಾತೇ ನನ್ನನ್ನು ಹೆದರಿಸಿದ್ದು. ಅಲ್ಲಿಂದ ಮುಂದಿನ ಕಥೆಯನ್ನು ನಾನು ಆಗಲೇ ನನ್ನ ಅಕ್ಕನಿಗೆ ಹೇಳಿ ಮುಗಿಸಿದ್ದೆ. ಅದೆಲ್ಲ ನಾನೇ ಕಟ್ಟಿದ ಕಥೆ. ಅದನ್ನು ಕೇಳಿ ಅಕ್ಕ, ಬಿಟ್ಟು ಬಂದಿದ್ದ ಗಂಡನ ಹತ್ತಿರ ವಾಪಸ್ ಹೋಗಿದ್ದಳು.

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಬರೆಯುವ ಅಭ್ಯಾಸ ಇಲ್ಲ. ಆದರೂ ಇದನ್ನು ಬರೆಯದೆ ಬೇರೆ ದಾರಿ ಕಾಣುತ್ತಿಲ್ಲ, ಆದಷ್ಟು ಸೀದಾ ಬರೆಯುತ್ತೇನೆ.

ನಾವು ರಾಯಚೂರು ಕಡೆಯವರು. ಕೆ.ಆರ್. ಪುರ ಸ್ಟೇಷನ್ನಿನ ಹಿಂದೆ ಒಂದು ರೂಮು, ಅದಕ್ಕೆ ಅಂಟಿಕೊಂಡ ಅಡುಗೆಮನೆ, ಅಷ್ಟೇ ನಮ್ಮ ಬಾಡಿಗೆ ಮನೆ. ನನ್ನ ಗಂಡ ನೀರಿನ ಟ್ಯಾಂಕರ್ ಓಡಿಸುತ್ತಾನೆ, ನಾನು ಜೀವನ್ ಬಿಮಾ ನಗರದಲ್ಲಿ ಮನೆಗೆಲಸಕ್ಕೆ ಹೋಗುತ್ತೇನೆ. ಅಕ್ಕನ ಗಂಡ ಗಾರೆ ಕೆಲಸದವನು. ಕುಡಿದು ಹೊಡೆಯುತ್ತಿದ್ದ. ಒಂದು ದಿನ ಅಕ್ಕ ಚೀಲ ಹಿಡಿದು ನಮ್ಮ ಬಾಗಿಲಿಗೆ ಬಂದಳು. ನನ್ನ ಗಂಡ ಒಂದು ಮಾತೂ ಕೇಳದೆ ಅಡುಗೆಮನೆಯ ಸಿಲಿಂಡರ್ ಸರಿಸಿ ಅವಳ ಹಾಸಿಗೆಗೆ ಜಾಗ ಮಾಡಿಕೊಟ್ಟ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಅವನ ಮೇಲೆ ಯಾರೂ ಅನುಮಾನ ಪಡುವುದು ಬೇಡ.

ಅಕ್ಕನಿಗೆ ಇಂದಿರಾನಗರದ ಒಂದು ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುವ ಕೆಲಸ ಸಿಕ್ಕಿತು. ಬೆಳಿಗ್ಗೆ ಹೋದರೆ ರಾತ್ರಿ ಊಟದ ಗಿರಾಕಿಗಳು ಮುಗಿಯುವವರೆಗೂ ಹಿಂದಿನ ಒಲೆಯ ಮುಂದೆ. ಏಳು ಗಂಟೆಯ ಸೀರಿಯಲ್ ಅವಳಿಗೆ ತಪ್ಪಿಹೋಯಿತು. ಅವಳ ಫೋನು ಬಟನ್ ಫೋನು. ಹಾಗಾಗಿ ನಾನು ನೋಡುವುದು, ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಅವಳಿಗೆ ಹೇಳುವುದು, ಹೀಗೆ ರೂಢಿಯಾಯಿತು. ಇಬ್ಬರದೂ ಒಂದೇ ದಾರಿ. ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸು ಟ್ರಾಫಿಕ್ಕಿನಲ್ಲಿ ನಿಂತುಬಿಟ್ಟರೆ ಜನರೆಲ್ಲ ಬೈಯುತ್ತಿದ್ದರು, ನಮಗೆ ಮಾತ್ರ ಅದು ಬೇಕಾಗಿತ್ತು.

ಅಕ್ಕನಿಗೆ ಸುಮ್ಮನೆ ಇಂಥದ್ದಾಯಿತು ಅಂದರೆ ಸಾಲದು. ಅತ್ತೆ ಯಾವ ಬಣ್ಣದ ಸೀರೆ ಉಟ್ಟಿದ್ದಳು, ಯಾರು ಯಾರ ಮುಖ ನೋಡಿದರು, ಎಲ್ಲಿ ಜಾಹೀರಾತು ಬಂತು, ಎಲ್ಲ ಬೇಕು. ಮ್ಯೂಸಿಕ್ಕನ್ನೂ ನಾನೇ ಬಾಯಲ್ಲಿ ಹಾಕಬೇಕು. ಒಮ್ಮೆ ನಾನು ಢಣ್ ಅಂದಾಗ ಮುಂದಿನ ಸೀಟಿನ ತಮಿಳು ಅಜ್ಜಿ ತಿರುಗಿ ಏನಾಯಿತಮ್ಮಾ ಅಂತ ಕೇಳಿದ್ದರು. ನಾನು ಅವಸರ ಮಾಡಿದರೆ ಅಕ್ಕ ಬಿಡುತ್ತಿರಲಿಲ್ಲ.

"ಏ, ಹಂಗ ಓಡಬ್ಯಾಡ. ಬಾಗಿಲ ತೆಗದಳು ಅಂದಿ. ಯಾರ ಇದ್ರು ಬಾಗಿಲಾಗ?"

ಕಥೆಯ ಹೆಣ್ಣೂ ನನ್ನ ಅಕ್ಕನ ಹಾಗೆಯೇ ಗಂಡನನ್ನು ಬಿಟ್ಟು ಅಣ್ಣನ ಮನೆಯಲ್ಲಿದ್ದಳು. ಒಂದು ಶುಕ್ರವಾರದ ಎಪಿಸೋಡಿನಲ್ಲಿ ಅವಳ ಗಂಡ ಆಟೋ ತಂದು ಗೇಟಿನಲ್ಲಿ ನಿಲ್ಲಿಸಿ ಬಾ ಅಂತ ಕರೆದ. ಅವಳು ಹೊಸ್ತಿಲ ಮೇಲೆ ಕಾಲೆತ್ತಿದಳು. ಕಾಲು ಕೆಳಗೆ ಇಳಿಯುವ ಮೊದಲೇ ಅಂದಿನ ಭಾಗ ಮುಗಿಯಿತು. ಸೋಮವಾರ ಟಿವಿ ಹಾಕಿದರೆ ಆ ಹೊತ್ತಿಗೆ ಬೇರೆ ಭಾಷೆಯಿಂದ ತಂದ ಯಾವುದೋ ರಾಜರ ಕಥೆ. ನಮ್ಮ ಸೀರಿಯಲ್ ನಿಲ್ಲಿಸಿದ್ದರು. ಯಾಕೆ ಅಂತ ಹೇಳಲಿಲ್ಲ, ಮುಗಿಯಿತು ಅಂತಲೂ ಹೇಳಲಿಲ್ಲ. ನೋಡುವವರು ಕಡಿಮೆಯಾಗಿದ್ದರಂತೆ ಅಂತ ಪಕ್ಕದ ಮನೆಯವಳು ಆಮೇಲೆ ಹೇಳಿದಳು.

ಮಂಗಳವಾರ ಬಸ್ಸು ಹತ್ತಿ ಕೂತ ತಕ್ಷಣ ಅಕ್ಕ ಕೇಳಿದಳು, "ಹೋದಳೇನು?"

ಶನಿವಾರ, ಭಾನುವಾರವೆಲ್ಲ ಅವಳು ಅದನ್ನೇ ಲೆಕ್ಕ ಹಾಕಿದ್ದಳು. ನಿಂತುಹೋಯಿತು ಅನ್ನಲು ನನಗೆ ಬಾಯಿ ಬರಲಿಲ್ಲ. ಕಾಲು ಹಿಂದಕ್ಕೆ ತಗೊಂಡಳು, ಬಾಗಿಲು ಹಾಕಿಬಿಟ್ಟಳು ಅಂದೆ. ಅಕ್ಕ ತೊಡೆ ತಟ್ಟಿ ನಕ್ಕಳು. ಮಾರನೆಯ ದಿನಕ್ಕೂ ಏನಾದರೂ ಬೇಕಾಯಿತು, ಅದರ ಮಾರನೆಯ ದಿನಕ್ಕೂ. ಪಾತ್ರೆ ತೊಳೆಯುತ್ತಾ ಕಥೆ ಯೋಚಿಸುವುದು ನನಗೆ ರುಚಿ ಹತ್ತಿತು. ಬೇರೆಯವರ ಮನೆಯ ಸಿಂಕಿನ ಮುಂದೆ ನಿಂತು ನಾನು ಕೋರ್ಟು ಕಟ್ಟಿಸಿದೆ, ಅಣ್ಣನಿಗೆ ಮದುವೆ ಮಾಡಿಸಿದೆ, ಅತ್ತೆಗೆ ಲಕ್ವ ಹೊಡೆಸಿದೆ. ಆಗಿನ್ನೂ ಅದರಲ್ಲಿ ಕೆಟ್ಟ ಮನಸ್ಸು ಇರಲಿಲ್ಲ.

ಕೆಟ್ಟ ಮನಸ್ಸು ಬಂದದ್ದು ನಿಧಾನಕ್ಕೆ. ನಮ್ಮ ಅಡುಗೆಮನೆಯಲ್ಲಿ ಅವಳು ಮಲಗಿರುವಾಗ ನೀರು ಕುಡಿಯಬೇಕೆಂದರೆ ಅವಳ ಕಾಲು ದಾಟಬೇಕು. ಗಂಡನ ಜೊತೆ ಜಗಳವಾಡಿದರೂ ಪಿಸುಗುಟ್ಟಿ ಆಡಬೇಕು. ನನ್ನ ಮಗಳು ಹೋಂವರ್ಕ್ ಪುಸ್ತಕ ಹಿಡಿದು ದೊಡ್ಡಮ್ಮ ಬರಲಿ ಅಂತ ಕಾಯುತ್ತಿದ್ದಳು, ಓದು ಬರಹ ಬಾರದ ದೊಡ್ಡಮ್ಮನಿಗೆ. ತಲೆ ಬಾಚಿಸಿಕೊಳ್ಳಲೂ ಅವಳೇ ಬೇಕು. ಒಂದು ದಿನ ನಾನು ಬಾಚಣಿಗೆ ಕಿತ್ತುಕೊಂಡು ಮಗುವಿನ ತಲೆಯನ್ನು ನೋವಾಗುವ ಹಾಗೆ ಬಾಚಿದೆ. ಅಕ್ಕ ನೋಡಿದಳು.

ಅದೇ ವಾರ ಅಕ್ಕನ ಗಂಡ ಬಾಳೆಹಣ್ಣು ಹಿಡಿದುಕೊಂಡು ಬಂದ. ಹೊರಮಾವಿನಲ್ಲಿ ಕಟ್ಟುತ್ತಿರುವ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಕೆಲಸ ಸಿಕ್ಕಿದೆ, ಇರಲು ಶೆಡ್ ಕೊಟ್ಟಿದ್ದಾರೆ, ಕುಡಿತ ಬಿಟ್ಟಿದ್ದೇನೆ ಅಂದ. ಅಕ್ಕ ಅಡುಗೆಮನೆಯಿಂದ ಈಚೆ ಬರಲಿಲ್ಲ. ಅವನು ಹೋದ ಮೇಲೆ ನನ್ನ ಗಂಡ, ಬಿಟ್ಟಿದ್ದಾನೋ ಇಲ್ಲವೋ ದೇವರಿಗೇ ಗೊತ್ತು, ಅತ್ತಿಗೆ ಇಲ್ಲೇ ಇರಲಿ ಅಂದ. ನಾನು ಬಾಳೆಹಣ್ಣು ಸುಲಿದು ಮಗಳಿಗೆ ಕೊಟ್ಟೆ.

ಮರುದಿನ ಬಸ್ಸಿನಲ್ಲಿ ನನ್ನ ಕಥೆ ತಿರುಗಿತು. ಆ ಹೆಣ್ಣಿನ ಗಂಡ ಕುಡಿತ ಬಿಟ್ಟ. ದೇವಸ್ಥಾನದ ಕಟ್ಟೆಯ ಮೇಲೆ ಕೂತು ಅತ್ತ. ಅಣ್ಣನ ಹೆಂಡತಿ ಬಾಯಿ ಬಿಟ್ಟು ಹೇಳದಿದ್ದರೂ ಒಳಗೊಳಗೇ ಬೇಜಾರಾಗಿದ್ದಾಳೆ, ತಟ್ಟೆ ಇಡುವಾಗ ಸದ್ದು ಮಾಡುತ್ತಾಳೆ ಅಂತಲೂ ಸೇರಿಸಿದೆ. ದಿನಾ ಇಷ್ಟಿಷ್ಟೇ. ಅಕ್ಕ ಮೊದಲಿನ ಹಾಗೆ ಸೀರೆಯ ಬಣ್ಣ ಕೇಳುವುದನ್ನು ನಿಲ್ಲಿಸಿದಳು. ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತಾ ಕೇಳುತ್ತಿದ್ದಳು. ಕೊನೆಗೆ ನಾನು ಆ ಹೆಣ್ಣನ್ನು ಗಂಡನ ಮನೆಗೆ ಕಳಿಸಿದೆ. ಅತ್ತೆಯ ಲಕ್ವ ವಾಸಿ ಮಾಡಿ ಅವಳ ಕೈಯಲ್ಲೇ ಆರತಿ ಎತ್ತಿಸಿದೆ.

ಅಕ್ಕ ಅವತ್ತು ಕೇಳಿದ್ದು ಒಂದೇ ಮಾತು. "ಚಲೋ ನೋಡ್ಕೊಂಡ್ರೇನು ಆಕಿನ್ನ?"

ಭಾಳ ಚಲೋ ಅಂದೆ.

ಎರಡು ವಾರಕ್ಕೆ ಅಕ್ಕ ಹೊರಟಳು. ನನ್ನ ಗಂಡ ಬೇಡ ಅಂದ. ನಾನು ಅವಳ ಚೀಲಕ್ಕೆ ಹೊಸ ಟವೆಲ್ ಹಾಕಿದೆ, ಶೇಂಗಾ ಚಟ್ನಿ ಕಟ್ಟಿಕೊಟ್ಟೆ. ಅವತ್ತು ಸಂಜೆ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತೆ. ಸುಖವಾಗಿತ್ತು. ಇದನ್ನು ಮುಚ್ಚಿಟ್ಟರೆ ಬರೆದು ಉಪಯೋಗವಿಲ್ಲ.

ಆಮೇಲೆ ನಾನು ಹೊರಮಾವಿಗೆ ಹೋದದ್ದು ಕಡಿಮೆ. ಒಮ್ಮೆ ಹೋದಾಗ ಅವಳ ಗಂಡ ಖಾನಾವಳಿ ಕೆಲಸ ಬಿಡಿಸಿದ್ದಾನೆ ಅಂತ ಗೊತ್ತಾಯಿತು. ಇನ್ನೊಮ್ಮೆ ಹೋದಾಗ ಅವಳ ಬಲಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು. ಮೆಟ್ಟಿಲಲ್ಲಿ ಜಾರಿದೆ ಅಂದಳು. ಹುಷಾರು ಅಂತ ಹೇಳಿ ಟೀ ಕುಡಿದು ಬಂದೆ. ರೊಟ್ಟಿ ಬಡಿಯುವ ಕೈ ಅದು. ಬರುವಾಗ ಬಸ್ಸಿನಲ್ಲಿ, ಕಟ್ಟಡ ಅಂದಮೇಲೆ ಜಾರುವುದು ಇದ್ದದ್ದೇ ಅಂತ ನನಗೆ ನಾನೇ ಹೇಳಿಕೊಂಡೆ.

ಹೀಗಿರುವಾಗ ಸೀರಿಯಲ್ ವಾಪಸ್ ಬರುತ್ತದೆ ಅಂದರು. ಆ ಶೆಡ್ಡಿನಲ್ಲಿ ಕಂಟ್ರಾಕ್ಟರ್ ಕೊಟ್ಟ ಹಳೆಯ ಟಿವಿ ಇತ್ತು. ಅಕ್ಕ ನೋಡಿಯೇ ನೋಡುತ್ತಾಳೆ. ಅವಳು ನೋಡುವ ಮೊದಲು ನಾನೇ ಹೇಳಿಬಿಡಬೇಕು ಅಂತ ಭಾನುವಾರ ಹೊರಟೆ. ಹೊರಮಾವು ಸಿಗ್ನಲ್ಲಿನಲ್ಲಿ ಇಳಿದೆ. ರಸ್ತೆ ದಾಟಿದೆ, ಮತ್ತೆ ದಾಟಿ ಈಕಡೆ ಬಂದೆ. ಬೇಕರಿ ಮುಂದೆ ನಿಂತು ಬನ್ನು ತಗೊಂಡೆ, ತಿನ್ನಲಿಲ್ಲ. ಕೆ.ಆರ್. ಪುರದ ಬಸ್ಸು ಬಂತು, ಹತ್ತಿಬಿಟ್ಟೆ. ಮನೆಯಲ್ಲಿ ಅಕ್ಕ ಹೇಗಿದ್ದಾಳೆ ಅಂತ ಗಂಡ ಕೇಳಿದ. ಆರಾಮಿದ್ದಾಳೆ ಅಂದೆ.

ಸೋಮವಾರ ನೋಡಿದೆ. ಆ ಹೆಣ್ಣು ಸ್ವಲ್ಪ ದಪ್ಪ ಆಗಿದ್ದಳು. ಅತ್ತೆಯ ಪಾತ್ರಕ್ಕೆ ಬೇರೆ ಯಾರೋ ಬಂದಿದ್ದರು, ಕೆಳಗೆ ಅದನ್ನು ಬರೆದು ತೋರಿಸಿದರು. ಹೊಸ್ತಿಲು ಮಾತ್ರ ಅದೇ. ಎತ್ತಿದ ಕಾಲು ಕೆಳಗಿಟ್ಟಳು, ಅಂಗಳಕ್ಕೆ ಬಂದಳು, ಗಂಡನನ್ನು ದಾಟಿ, ಅವನು ತಂದ ಆಟೋವನ್ನೂ ದಾಟಿ ನಡೆದುಕೊಂಡೇ ಹೋದಳು. ಗಂಡನ ಮನೆಗೂ ಅಲ್ಲ, ಅಣ್ಣನ ಮನೆಗೂ ಅಲ್ಲ. ಮಗಳು ಮುಂದೇನಮ್ಮಾ ಅಂದಳು. ನನಗೆ ಗೊತ್ತಿಲ್ಲ ಅಂದೆ.

ಮಂಗಳವಾರ ಕೆಲಸಕ್ಕೆ ರಜೆ ಹೇಳಿ ಹೊರಮಾವಿಗೆ ಹೋದೆ, ಈ ಸಲ ನಿಲ್ಲಲಿಲ್ಲ. ಅಕ್ಕ ಹೊಸ ಗೋಡೆಗೆ ಪೈಪು ಹಿಡಿದು ನೀರು ಹೊಡೆಯುತ್ತಿದ್ದಳು. ಗಂಡ ಸಿಮೆಂಟ್ ತರಲು ಹೋಗಿದ್ದ. ಅವಳ ಕೆನ್ನೆಯ ಮೇಲೆ ಹಸಿರಾಗಿ ಮಾಗಿದ ಪೆಟ್ಟಿನ ಗುರುತು ಇತ್ತು. ಸೀರಿಯಲ್ ನೋಡಿದೆಯಾ ಅಂದೆ. ಹ್ಞೂಂ ಅಂದಳು. ನಾನು ಕಾಲ ಕೆಳಗಿನ ಜಲ್ಲಿ ನೋಡುತ್ತಾ ಎಲ್ಲ ಹೇಳಿದೆ, ಸೀರಿಯಲ್ ನಿಂತದ್ದು, ನಾನು ಕಥೆ ಕಟ್ಟಿದ್ದು. ಅವಳು ಪೈಪು ಬೇರೆ ಕಂಬದ ಕಡೆ ತಿರುಗಿಸಿದಳು.

"ನಿಂತಿದ್ದು ನನಗ ಆ ವಾರನ ಗೊತ್ತಿತ್ತು. ಖಾನಾವಳ್ಯಾಗ ಬಡಿಸೋ ಹುಡುಗ ಹೇಳಿದ್ದ."

ಮತ್ತೆ ಯಾಕೆ ದಿನಾ ಕೇಳುತ್ತಿದ್ದೆ ಅಂದೆ.

"ಚಲೋ ಹೇಳ್ತಿದ್ದಿ. ಟಿವ್ಯಾಗಿಂದಕಿಂತ ಚಲೋ." ಪೈಪಿನ ಸುರುಳಿ ಬಿಡಿಸುತ್ತಾ ಹೇಳಿದಳು, "ಆಮ್ಯಾಲ ಆಕಿ ಗಂಡ ಒಳ್ಳೆಯವ ಆದ. ಅಣ್ಣನ ಹೆಂಡ್ತಿ ತಾಟು ಕುಕ್ಕಾಕತ್ತಿದಳು. ಇದು ಸೀರಿಯಲ್ ಮಾತಲ್ಲ, ನನ್ನ ತಂಗಿ ಮಾತು ಅಂತ ತಿಳೀತು. ಹೋಗು ಅಂತ ಸೀದಾ ಅಂದಿದ್ರ ಒಂದ ದಿನಕ್ಕ ಮುಗೀತಿತ್ತಲ್ಲ, ಹುಚ್ಚಿ. ಅಷ್ಟು ದಿನ ಯಾಕ ತ್ರಾಸು ತಗೊಂಡಿ?"

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನಗುತ್ತಿದ್ದಳು, ಆ ಹಸಿರು ಕೆನ್ನೆಯಲ್ಲಿ. ನಾನು ಅವಳ ಕೈಯಿಂದ ಪೈಪು ತಗೊಂಡು ನೆಲಕ್ಕೆ ಹಾಕಿದೆ. ಬಾ, ಈಗಲೇ ಮನೆಗೆ ಹೋಗೋಣ ಅಂದೆ.

"ನಿನ್ನ ಮನಿಗೆ ಬರಂಗಿಲ್ಲ," ಅಂದಳು. ಸಿಟ್ಟಿನಿಂದಲ್ಲ. "ಖಾನಾವಳ್ಯಾಗ ಮತ್ತ ತಗೋತಾರೇನು ಕೇಳು. ಹಿಂದ ಹೆಣಮಕ್ಕಳಿಗೆ ಮಲಗಾಕ ಒಂದ ಖೋಲಿ ಐತಿ. ಹೇಳದ ಬಿಟ್ಟು ಬಂದೀನಿ, ಕೇಳಾಕ ನನಗ ಮಾರಿ ಇಲ್ಲ. ನೀ ಕೇಳು."

ಪೈಪು ಎತ್ತಿಕೊಂಡು ಮತ್ತೆ ನೀರು ಹೊಡೆಯತೊಡಗಿದಳು. ಮುಂದಿನ ತಿಂಗಳು ಕಟ್ಟಡದ ಈ ಭಾಗ ಮುಗಿಯುತ್ತದೆ, ಅವನು ಬೇರೆ ಊರಿನ ಕೆಲಸಕ್ಕೆ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಿದ್ದಾನೆ, ಅದರೊಳಗೆ ಏನಾದರೂ ಆಗಬೇಕು ಅಂದಳು.

ಅಲ್ಲಿಂದ ಸೀದಾ ಇಂದಿರಾನಗರಕ್ಕೆ ಹೋದೆ. ಮಧ್ಯಾಹ್ನದ ಊಟದ ಗದ್ದಲ. ಮಾಲೀಕರು ಅಕ್ಕನನ್ನು ಮರೆತಿರಲಿಲ್ಲ. ಅವಳ ಕೈ ರೊಟ್ಟಿ ಬೇರೆ ಯಾರಿಗೂ ಬರುವುದಿಲ್ಲ, ಆದರೆ ಈಗ ವಿಜಯಪುರದ ಇಬ್ಬರು ಇದ್ದಾರೆ, ಅವರನ್ನು ಹೇಗಮ್ಮ ಬಿಡಿಸಲಿ ಅಂದರು. ಮಲಗುವ ಕೋಣೆಯೂ ಅವರದೇ. ಒಂದು ರೊಟ್ಟಿ ತಿಂದು ಹೋಗಿ ಅಂದರು. ಬೇಡ ಅಂದೆ.

ರಸ್ತೆಗೆ ಬಂದು ಮೆಟ್ರೋ ಕಂಬದ ನೆರಳಲ್ಲಿ ನಿಂತೆ. ಫೋನು ತೆಗೆದೆ, ಒಳಗಿಟ್ಟೆ, ಮತ್ತೆ ತೆಗೆದೆ. ಮಾತು ಆಗಲೇ ಬಾಯಿಗೆ ಬಂದಿತ್ತು. ಮುಂದಿನ ವಾರ ಬಾ ಅಂದರು ಅಕ್ಕ, ನಿನ್ನನ್ನು ನೆನೆಸಿಕೊಂಡು ಕಣ್ಣೀರು ಹಾಕಿದರು, ವಿಜಯಪುರದವರ ರೊಟ್ಟಿ ಹರಿಯುತ್ತದಂತೆ. ಎಷ್ಟು ಸಲೀಸಾಗಿ ಬಂತು. ಹಾಗೆ ಹೇಳಿದರೆ ಅವಳು ಇವತ್ತು ಸಮಾಧಾನವಾಗಿ ಇರುತ್ತಿದ್ದಳು, ನಾನೂ.

ಅವಳು ಫೋನ್ ಎತ್ತಿದಳು. ನಾನು ಹೇಳಿದೆ, "ಅಕ್ಕಾ, ಜಾಗ ಇಲ್ಲಂತ. ಬ್ಯಾರೆಯವ್ರನ್ನ ತಗೊಂಡಾರ. ಖೋಲೀನೂ ಇಲ್ಲ."

ಆ ಕಡೆ ನೀರಿನ ಸದ್ದು ನಿಂತಿತು.

"ಹೌದಾ," ಅಂದಳು. "ಹಲಸೂರಾಗ ಒಂದು ಖಾನಾವಳಿ ಐತಿ ಅಂತಿದ್ರು. ಅಲ್ಲಿ ಕೇಳಿ ನೋಡು."

ಬಸ್ಸಿಗೆ ಕಾಯಲಿಲ್ಲ. ಹಲಸೂರಿನ ಕಡೆ ನಡೆಯತೊಡಗಿದೆ.