ಪಾದ್ರಿಗಳ ಮನೆಯ ಅಡುಗೆಕೋಣೆ

"ಯಾವ ಮನೆಯವರು ನೀವು?" ಬಹರೈನಿನಲ್ಲಿ ನಮ್ಮ ಕರಾವಳಿಯ ಕ್ರೈಸ್ತರು ಎದುರಾದರೆ ಮೊದಲ ಪ್ರಶ್ನೆ ಅದೇ. "ಪಾದ್ರಿಗಳ ಮನೆ" ಎನ್ನುತ್ತೇನೆ. ಆಗ ಅವರ ಮುಖ ನೋಡಬೇಕು! ಮದುವೆಯಿಲ್ಲದ ಪಾದ್ರಿಗಳ ಮನೆಗೆ ಮಗಳೆಲ್ಲಿಂದ ಬಂದಳು? ಅಪ್ಪ ತೀರಿದ ಮೇಲೆ ಅಮ್ಮ ಅಲ್ಲಿ ಅಡುಗೆಗೆ ಸೇರಿದಳು, ಮನೆಯ ಹಿಂಬದಿಯ ಅಡುಗೆಕೋಣೆಯಲ್ಲೇ ನಾನು ಬೆಳೆದೆ, ಅಮ್ಮ ಈಗಲೂ ಅಲ್ಲೇ ಇದ್ದಾಳೆ ಎಂದು ವಿವರಿಸುವಷ್ಟರಲ್ಲಿ ನನಗೆ ರೇಗಿರುತ್ತದೆ.

ಕಳೆದ ವರ್ಷ ಊರಿನ ಚರ್ಚಿನ ವಾಟ್ಸ್ಯಾಪ್ ಗುಂಪಿನಲ್ಲಿ ಸುದ್ದಿ ಬಂತು: ಆ ಮನೆ ಇನ್ನು ಸಂರಕ್ಷಿತ ಕಟ್ಟಡ. ಜೊತೆಗೆ ಅದರ ಇತಿಹಾಸ. ಗೋವೆಯಿಂದ ಬಂದ ಪಾದ್ರಿಗಳು ಬರೋಕ್ ಎಂಬ ಹಳೆಯ ಯುರೋಪಿನ ಶೈಲಿಯಲ್ಲಿ ಕಟ್ಟಿಸಿದ್ದು, ಹಿಂದೆ ಯಾವುದೋ ಯುದ್ಧದಲ್ಲಿ ಮಾಡು ಸುಟ್ಟದ್ದು, ಮತ್ತೆ ಹೊದಿಸಿದ್ದು, ಕೆಲಕಾಲ ಶಾಲೆಯಾದದ್ದು. ಬೆಂಗಳೂರಿನವರಾದ ನನ್ನ ಗಂಡ "ಬರೋಕ್ ಮನೇನಾ? ಯಾರು ಬರೋಕೆ?" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಹಿಂದಿನ ಅಡುಗೆಕೋಣೆ ಆಮೇಲೆ ಸೇರಿಸಿದ್ದಂತೆ, ಅದನ್ನು ಕೆಡವಿ ಹೊಸತು ಕಟ್ಟುತ್ತಾರಂತೆ.

ಇಲ್ಲಿ ಜುಫೈರಿನ ನಮ್ಮ ಫ್ಲ್ಯಾಟಿನಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಬಾಲ್ಕನಿಗೆ ಹೋಗುವುದು, ಒಳಗೆ ಬರುವುದು, ಫೋನ್ ನೋಡುವುದು. "ಎಂತ ಮಾರಾಯ್ತಿ, ಹೊಗೆ ಹಿಡಿದ ಗೋಡೆಗೆ ಇಷ್ಟು ತಲೆಬಿಸಿಯಾ? ನಂಗೆ ಬಾತ್‌ರೂಮ್ ಇರುವ ಕೋಣೆ ಕಟ್ಟಿ ಕೊಡ್ತಾರಂತೆ" ಎಂದು ಅಮ್ಮ ಫೋನಿನಲ್ಲಿ ಗದರಿದಳು. ಗದರಲಿ. ಯಾವ ಮನೆ ಎಂದರೆ ಹೇಳಲು ನನಗಿದ್ದದ್ದು ಅದೊಂದೇ.

ಚಿಕ್ಕವಳಿದ್ದಾಗ ಚರ್ಚಿನಲ್ಲಿ ಮೊದಲ ಪರಮಪ್ರಸಾದ ಪಡೆದ ದಿನದ ಫೋಟೊ ಹುಡುಕಿ ತೆಗೆದೆ. ಬಿಳಿ ಫ್ರಾಕ್ ತೊಟ್ಟು ಒಲೆಯ ಮುಂದೆ ನಿಂತಿದ್ದೇನೆ. ಹಿಂದೆ ಗಾರೆಯ ಕಮಾನು, ಅದರ ತುದಿಯಲ್ಲಿ ಸುರುಳಿಗಳು. ಮುಂಬಾಗಿಲ ಮೇಲೆ ಇರುವುದೂ ಅಂಥವೇ. ದುರಸ್ತಿ ನೋಡಿಕೊಳ್ಳುವ ಇಂಜಿನಿಯರ ನಂಬರು ಗುಂಪಿನಲ್ಲಿ ಸಿಕ್ಕಿತು, ಅವರಿಗೆ ಕಳಿಸಿದೆ. ಅವರು ಮಸಿ ಕೆರೆಸಿ ನೋಡಿದರು. ಬೆಂಕಿಗೆ ಸಿಗದೆ ಉಳಿದ ಮೂಲ ಭಾಗ ಅದೊಂದೇ, ಕೆಡವುವುದಿಲ್ಲ ಎಂದು ಉತ್ತರ ಬಂತು. ಇಲ್ಲಿನ ಡಿಪ್ಲೊಮ್ಯಾಟಿಕ್ ಏರಿಯಾದ ನನ್ನ ಆಫೀಸಿನಲ್ಲಿ ಕೂತಿದ್ದವಳು "ಅಲ್‌ಹಮ್ದುಲಿಲ್ಲಾ!" ಎಂದು ಇಲ್ಲಿನವರ ಹಾಗೆಯೇ ದೇವರನ್ನು ಹೊಗಳಿ ಕೂಗಿಯೇಬಿಟ್ಟೆ. ಪಕ್ಕದ ಬಹರೈನಿ ಹುಡುಗಿ ಬಿದ್ದು ಬಿದ್ದು ನಕ್ಕಳು.

ಕೂಡಲೇ ಅಮ್ಮನಿಗೆ ಫೋನ್ ಮಾಡಿದೆ. ಆ ಕಡೆ ಪಾತ್ರೆಗಳ ಸದ್ದು.

"ಗೊತ್ತಾಯ್ತು. ಇನ್ನು ಅಲ್ಲಿ ಒಲೆ ಹಚ್ಚಲಿಕ್ಕಿಲ್ಲ, ಮಲಗಲಿಕ್ಕಿಲ್ಲ ಅಂತೆ. ಬೀಗ ಹಾಕ್ತಾರೆ. ಹೊಸತು ಕಟ್ಟಲಿಕ್ಕೂ ಜಾಗ ಇಲ್ಲ. ಪಾದ್ರಿಗಳಿಗೆ ಊಟ ಇನ್ನು ಸಿಸ್ಟರುಗಳ ಕಾನ್ವೆಂಟಿಂದ ಬರ್ತದೆ."

ನಾನು ಕುರ್ಚಿಯಿಂದೆದ್ದು ಆಫೀಸಿನ ಹೊರಗೆ ಬಂದೆ.

"ಕೋಣೆ ಉಳಿಸಿದಿ, ಒಳ್ಳೆದಾಯ್ತು" ಎಂದಳು. "ನಾನು ಎಲ್ಲಿಗೆ ಹೋಗುದು ಅಂತ ಅವರತ್ರ ಕೇಳಿದಿಯಾ?"